ನಡುಮನೆಯ ಕಂಪ್ಯೂಟರು

ಭಾನುವಾರ ಎಲ್ಲರೂ ಊಟಕ್ಕೆ ಕುಳಿತ ಹೊತ್ತಿಗೆ ಸರಿಯಾಗಿ ನಡುಮನೆಯ ಕಂಪ್ಯೂಟರು ಟಣ್ ಎಂದಿತು. ಪರದೆಯ ಮೂಲೆಯಲ್ಲಿ ಹಳದಿ ಚೌಕವೊಂದು ಮೂಡಿ, ಯಂತ್ರದ ಜೊತೆ ಬಂದಿದ್ದ ಆಂಟಿವೈರಸ್ಸಿನ ಅವಧಿ ಮುಗಿದಿದೆ, ಕೂಡಲೇ ನವೀಕರಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿ ಅಲ್ಲೇ ನಿಂತಿತು. ಮಧುರಾ ಹುಳಿಯ ಪಾತ್ರೆ ಹಿಡಿದು ಬಡಿಸಲು ಬಾಗಿದ್ದಳು. ಮಾವ ಸೀತಾರಾಮರು ಸಾಕೆಂದು ಕೈ ಅಡ್ಡ ಹಿಡಿದು ಮಗನ ಕಡೆ ತಿರುಗಿದರು.

"ನೋಡಿದೆಯಾ ಅರವಿಂದ? ದಿನಾ ಹೇಳ್ತಾ ಇದೆ. ಒಂದು ಸಲ ಕಟ್ಟಿ ಮುಗಿಸಿಬಿಡೋಣ."

"ಬೇಡ ಅಪ್ಪಾ. ವಿಂಡೋಸ್ ಜೊತೆಗೇ ಒಂದು ಬಂದಿರತ್ತೆ. ಮನೆಗೆ ಅದು ಸಾಕು."

"ಸಾಕು ಅಂತ ಯಾರು ಹೇಳಿದ್ದು?"

"ನಾನೇ ಹೇಳ್ತಾ ಇದೀನಲ್ಲ."

"ನಾನು ಇಡೀ ಸರ್ವೀಸು ಇನ್ಶೂರೆನ್ಸಲ್ಲಿ ಇದ್ದೋನು ಕಣೋ. ಪಾಲಿಸಿ ಲ್ಯಾಪ್ಸ್ ಆದ್ಮೇಲೆ ಬಂದು ಎದುರಿಗೆ ಕೂತು ಅಳೋರನ್ನ ಎಷ್ಟು ಜನಾನ್ನ ನೋಡಿದೀನಿ. ಎಲ್ಲರೂ ಮೊದಲು ಹೀಗೇ ಹೇಳಿದ್ದೋರು. ನನಗೇನಾಗತ್ತೆ ಸಾರ್ ಅಂತ."

ಅರವಿಂದ ಅನ್ನ ಕಲಸುವುದನ್ನು ನಿಲ್ಲಿಸಿದ. ಅವನು ಮಣಲಿಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರು. "ನಮ್ಮ ಪ್ಲಾಂಟಲ್ಲಿ ಬೆಂಕಿ ಆರಿಸೋದು ಆಮೇಲಿನ ಮಾತು ಅಪ್ಪಾ. ಮೊದಲು ಗೇಟಲ್ಲೇ ಬೆಂಕಿಪೊಟ್ಟಣ ಇಸ್ಕೋತಾರೆ, ಫೋನ್ ಇಸ್ಕೋತಾರೆ. ನಮ್ಮನೇಲಿ ಬೀದೀಲಿರೋ ಪೆನ್‌ಡ್ರೈವೆಲ್ಲಾ ಒಳಗೆ ಬರತ್ತೆ. ಅದನ್ನ ನಿಲ್ಲಿಸಿ ಅಂದ್ರೆ ನೀವು ಆಂಟಿವೈರಸ್ ಕೊಂಡ್ಕೋ ಅಂತೀರಿ."

ನಿಜವಾದ ಜಗಳ ಯಾವುದೆಂದು ಆಗ ಹೊರಬಿತ್ತು. ಕೆಲಸದಿಂದ ನಿವೃತ್ತರಾದ ಮೇಲೆ ಸೀತಾರಾಮರು ಬೆಳಗಿನ ಹೊತ್ತು ಆ ಕಂಪ್ಯೂಟರಿನ ಮುಂದೆ ಕುಳಿತು ಬೀದಿಯವರ ಅರ್ಜಿಗಳನ್ನು ತುಂಬಿಕೊಡುತ್ತಿದ್ದರು. ವೃದ್ಧಾಪ್ಯ ವೇತನ, ರೇಷನ್ ಕಾರ್ಡಿನಲ್ಲಿ ಹೆಸರಿನ ತಿದ್ದುಪಡಿ, ಬಂದರಿನ ಕೂಲಿಗಳ ಭವಿಷ್ಯನಿಧಿ, ಹೀಗೆ. ತಿರುವೊಟ್ಟಿಯೂರಿನ ಆ ಬೀದಿಯ ಹಿಂದೆಯೇ ಮೀನುಗಾರರ ಕೇರಿ. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನೂ ಯಾರೋ ಸ್ಕ್ಯಾನ್ ಮಾಡಿಕೊಟ್ಟ ಪೆನ್‌ಡ್ರೈವನ್ನೂ ತೆಗೆದು ಮೇಜಿನ ಮೇಲಿಡುತ್ತಿದ್ದರು. ಸೀತಾರಾಮರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕಾಫಿ ಮಾತ್ರ ಮನೆಯದು, ಮಾಡುವ ಕೈ ಅತ್ತೆ ಊರ್ಮಿಳಾ ಅವರದೋ ಮಧುರಾಳದೋ.

"ಊಟದ ಹೊತ್ತಲ್ಲಿ ಎನ್ನ ಸಂಡೈ ಇದು, ಏನು ಜಗಳ?" ಎಂದರು ಊರ್ಮಿಳಾ. "ತಟ್ಟೆ ನೋಡ್ಕೊಂಡು ತಿನ್ನಿ ಇಬ್ಬರೂ."

ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಮನೆ ಅದು. ಜಗಳ ಬಂದರೆ ಅತ್ತೆಯ ಬಾಯಲ್ಲಿ ತಮಿಳು ತಾನಾಗಿ ಸೇರಿಕೊಳ್ಳುತ್ತಿತ್ತು. ಹಾಸನದಿಂದ ಮದುವೆಯಾಗಿ ಬಂದ ಮಧುರಾಳಿಗೆ ಈಗ ಅದು ಅಭ್ಯಾಸವಾಗಿಹೋಗಿತ್ತು. ಅವಳ ಮಗಳು ಶ್ರೀಯಾಳಂತೂ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವವಳು. ಪ್ಲಸ್ ಟೂ ಓದುತ್ತಿದ್ದ ಆ ಹುಡುಗಿ ಎದ್ದು ಕೈ ತೊಳೆದು ಕಂಪ್ಯೂಟರಿನ ಹತ್ತಿರ ಹೋಗಿ ಆ ಚೌಕವನ್ನು ಮುಚ್ಚಿ ಬಂದಳು. ಮಾತು ಅಲ್ಲಿಗೆ ನಿಂತಿತು, ಮುಗಿಯಲಿಲ್ಲ.

ಸಂಜೆ ಮಧುರಾ ಬಟ್ಟೆ ಮಡಿಸುತ್ತಿದ್ದಾಗ ಅರವಿಂದ ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕುಳಿತಿದ್ದ. ಏನು ಮಾಡ್ತಾ ಇದೀರಿ ಎಂದು ಕೇಳಿದ್ದಕ್ಕೆ, "ಅಪ್‌ಡೇಟ್" ಎಂದ. ಅವಳು ಮುಂದೆ ಕೇಳಲಿಲ್ಲ.

ಅವನು ಮಾಡಿದ್ದು ಏನೆಂದು ಮರುದಿನ ಬೆಳಿಗ್ಗೆ ತಿಳಿಯಿತು. ಅರವಿಂದ ಮೊದಲ ಶಿಫ್ಟಿಗೆ ಹೋಗಿಯಾಗಿತ್ತು. ಮಧುರಾ ಬ್ಯಾಂಕಿಗೆ ಹೊರಡುವ ಮೊದಲು ಶ್ರೀಯಾಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ನಡುಮನೆಯಲ್ಲಿ ಜಯಲಕ್ಷ್ಮೀ ಬಂದು ಕುಳಿತಿದ್ದಳು. ಬೀದಿಯ ಮೂಲೆಯಲ್ಲಿ ಮೀನು ಮಾರುವವಳು. ಅವಳ ಗಂಡ ಬಂದರಿನಲ್ಲಿ ಲೋಡು ಇಳಿಸುತ್ತಿದ್ದವನು, ಸಂಕ್ರಾಂತಿ ಆದ ಮೇಲೆ ತೀರಿಕೊಂಡಿದ್ದ. ಅವನ ಪಿಂಚಣಿಯನ್ನು ಅವಳ ಹೆಸರಿಗೆ ಮಾಡಿಸುವ ಅರ್ಜಿಯನ್ನು ಸೀತಾರಾಮರು ಅರ್ಧ ತುಂಬಿಸಿ ಇಟ್ಟಿದ್ದರು. ಮರಣಪತ್ರದ ಪ್ರತಿ ಬೇಕಾಗಿತ್ತು. ಅದನ್ನು ಅವಳು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು, ಸೆರಗಿನ ತುದಿಗೆ ಗಂಟು ಕಟ್ಟಿ ತಂದಿದ್ದಳು.

ಸೀತಾರಾಮರು ಅದನ್ನು ಚುಚ್ಚಿದರು. ಏನೂ ತೆರೆಯಲಿಲ್ಲ. ತೆಗೆದು ಮತ್ತೆ ಚುಚ್ಚಿದರು. ಇದಕ್ಕೆ ನಿಮಗೆ ಅನುಮತಿಯಿಲ್ಲ, ಪಾಸ್‌ವರ್ಡ್ ಹಾಕಿ ಎಂದು ಪರದೆ ಕೇಳಿತು. ಅವರು ತಮಗೆ ಗೊತ್ತಿದ್ದುದನ್ನು ಹಾಕಿದರು. ತಪ್ಪು ಎಂದಿತು.

"ಮಧುರಾ, ಪಾಸ್‌ವರ್ಡ್ ಬದಲಾಯಿಸಿದೀರೇನಮ್ಮಾ ಯಾರಾದ್ರೂ?"

ಮಧುರಾ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ನೋಡಿದ ಕೂಡಲೇ ಅರ್ಥವಾಯಿತು. "ನನಗೆ ಗೊತ್ತಿಲ್ಲ ಮಾವ," ಎಂದಳು. ಆ ಮಾತು ನಿಜವೇ ಆಗಿದ್ದರೂ ಅವಳ ನಾಲಗೆ ತಡವರಿಸಿತು.

ಸೀತಾರಾಮರು ಮಗನಿಗೆ ಫೋನ್ ಮಾಡಿದರು. ಅವನ ಫೋನು ಕಾರ್ಖಾನೆಯ ಗೇಟಿನ ಪೆಟ್ಟಿಗೆಯಲ್ಲಿ ಇತ್ತು. ಗಂಟೆ ಬಾರಿಸಿ ನಿಂತುಹೋಯಿತು.

"ಎನ್ನ ಅಯ್ಯಾ, ಕೆಟ್ಟುಹೋಯ್ತಾ?" ಎಂದು ಜಯಲಕ್ಷ್ಮೀ ತಮಿಳಿನಲ್ಲಿ ಕೇಳಿದಳು. "ನಾನು ತಂದಿದ್ದರಿಂದಲಾ?"

"ಇಲ್ಲಮ್ಮಾ," ಎಂದರು ಅವರು, ಅವಳ ಭಾಷೆಯಲ್ಲೇ. "ಕೆಟ್ಟಿಲ್ಲ. ನನ್ನ ಕೈಗೆ ಸಿಗ್ತಾ ಇಲ್ಲ, ಅಷ್ಟೆ." ಪೆನ್‌ಡ್ರೈವನ್ನು ಅವಳ ಅಂಗೈಯಲ್ಲಿಟ್ಟು, ಬಾಗಿಲ ತನಕ ಹೋಗಿ ಬಿಟ್ಟು ಬಂದರು. ಆಮೇಲೆ ಒಳಗಿನಿಂದ ಒಂದು ಹಳೆಯ ಪಂಚೆ ತಂದು ಕಂಪ್ಯೂಟರಿಗೆ ಹೊದಿಸಿ, ನಾಲ್ಕೂ ಮೂಲೆಗಳನ್ನು ಸರಿಮಾಡಿದರು. ಆ ದಿನ ಅವರು ತಿಂಡಿ ತಿನ್ನಲಿಲ್ಲ.

ಸಂಜೆ ಅರವಿಂದ ಮನೆಗೆ ಬಂದಾಗ ಊರ್ಮಿಳಾ ಕಾಫಿಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದರು. ಸೀತಾರಾಮರು ಧ್ವನಿ ಎತ್ತಲಿಲ್ಲ.

"ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಒಪ್ತಿರಲಿಲ್ಲ ನೀವು."

"ಒಪ್ತಿರಲಿಲ್ಲ. ಜಗಳ ಆಡ್ತಿದ್ದೆ. ಅದು ಬೇರೆ. ಹೊರಗಿನ ಹೆಂಗಸಿನ ಎದುರಿಗೆ ನಾನು ಕಳ್ಳನ ಹಾಗೆ ನನ್ನ ಮನೇಲೇ ಬಾಗಿಲು ತಟ್ತಾ ಕೂತಿದ್ದೆ."

"ಹೋದ ತಿಂಗಳು ಪ್ಲಾಂಟಲ್ಲಿ ಒಬ್ಬ ಕಂಟ್ರಾಕ್ಟರ್ ಪೆನ್‌ಡ್ರೈವ್ ಚುಚ್ಚಿ ಕಂಟ್ರೋಲ್ ರೂಮಲ್ಲಿ ಸಿಸ್ಟಮ್ಮೇ ನಿಂತೋಯ್ತು ಅಪ್ಪಾ. ನಮ್ಮ ಅಜಿತ್‌ನ್ನ ಸಸ್ಪೆಂಡ್ ಮಾಡಿದಾರೆ, ಅವನ ಶಿಫ್ಟಲ್ಲಿ ಆಯ್ತು ಅಂತ. ನಿಮಗೆ ಇದೆಲ್ಲ ಗೊತ್ತಾಗಲ್ಲ." ಅರವಿಂದ ಕಾಫಿಯನ್ನು ಪಕ್ಕಕ್ಕೆ ಸರಿಸಿದ. "ನನ್ನ ಹಳೇ ಲ್ಯಾಪ್‌ಟಾಪ್ ಇದೆ. ಅದನ್ನ ಸರಿಮಾಡಿಸಿ ವರಾಂಡದಲ್ಲಿ ಇಡ್ತೀನಿ. ಹೊರಗಿನೋರಿಗೆಲ್ಲ ಅದು. ಇದು ಮನೆಗೆ."

ಸೀತಾರಾಮರು ಮಗನನ್ನೇ ನೋಡಿದರು. "ನಮ್ಮಮ್ಮ ಇದ್ದಾಗ ಮೀನಿನ ಬುಟ್ಟಿಯೋರಿಗೆ ಅಂತ ವರಾಂಡದ ಕಿಟಕಿ ಮೇಲೆ ಒಂದು ಬೇರೆ ಲೋಟ ಇರ್ತಿತ್ತು. ಅದನ್ನ ಅಲ್ಲಿಂದ ತೆಗೆಸೋಕೆ ನನಗೆ ಎಷ್ಟು ವರ್ಷ ಹಿಡೀತು ಅಂತ ನಿಮ್ಮಮ್ಮನ್ನ ಕೇಳು. ಮತ್ತೆ ಅಲ್ಲೇ ಇನ್ನೊಂದು ಇಡಬೇಡ."

"ಲೋಟಕ್ಕೂ ಇದಕ್ಕೂ ಏನ್ ಸಂಬಂಧ?"

"ನಿನಗೆ ಇಲ್ಲದೇ ಇರಬಹುದು," ಎಂದು ಅವರು ಎದ್ದು ಹೋದರು.

ಅಂದಿನಿಂದ ಮನೆಯ ನಡವಳಿಕೆಯೇ ಬೇರೆಯಾಯಿತು. ಬೆಳಿಗ್ಗೆ ಯಾರಾದರೂ ಗೇಟಿನ ಹತ್ತಿರ ನಿಂತರೆ ಸೀತಾರಾಮರು ಮೆಷಿನು ಕೆಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದರು. ಆಮೇಲೆ ಕೊಡೆ ಹಿಡಿದು ದೇವಸ್ಥಾನದ ಕೊಳದ ಕಟ್ಟೆಗೆ ಹೋಗಿ ಕುಳಿತು, ಊಟದ ಹೊತ್ತಿಗೆ ಬರುತ್ತಿದ್ದರು. ಅತ್ತೆ ಮಗನಿಗೆ ಬಡಿಸುತ್ತಿದ್ದರು, ಇನ್ನೊಂದು ಸ್ವಲ್ಪ ಎಂದು ಕೇಳುತ್ತಿರಲಿಲ್ಲ. ಮಧುರಾಳಿಗೆ ಬೆಳಗಿನ ಕಾಫಿಯ ಕೆಲಸ ತಪ್ಪಿತ್ತು. ಎಷ್ಟೋ ಸಲ ಬೇಜಾರುಪಟ್ಟುಕೊಂಡಿದ್ದ ಕೆಲಸ ಅದು. ಈಗ ಆ ಹೊತ್ತಿನಲ್ಲಿ ಅವಳು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ನಡುಮನೆಯಿಂದ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಗಂಡನ ಮಾತಿನಲ್ಲಿ ಸುಳ್ಳೇನೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಅಜಿತನ ಹೆಂಡತಿ ಫೋನಿನಲ್ಲಿ ಅತ್ತದ್ದನ್ನು ಅವಳೇ ಕೇಳಿಸಿಕೊಂಡಿದ್ದಳು.

ಒಂದು ಬೆಳಿಗ್ಗೆ ಬಸ್ಸಿಗೆಂದು ಹೊರಟಾಗ ಮೂಲೆಯಲ್ಲಿ ಜಯಲಕ್ಷ್ಮೀ ಮೀನಿನ ಬುಟ್ಟಿಯ ಮುಂದೆ ಕುಳಿತಿದ್ದಳು. ಮಧುರಾ ನಿಂತು, ಅರ್ಜಿಯ ಕೆಲಸ ಏನಾಯಿತು ಎಂದು ವಿಚಾರಿಸಿದಳು.

"ಮೇನ್‌ರೋಡಿನ ಕಂಪ್ಯೂಟರ್ ಸೆಂಟರಲ್ಲಿ ಕೊಟ್ಟಿದೀನಮ್ಮಾ. ಆ ತಂಬಿ ಎಲ್ಲಾ ಮಾಡಿಕೊಡ್ತೀನಿ ಅಂದಿದಾನೆ. ಫೋನ್ ಕೂಡಾ ಅವನ ಹತ್ತಿರಾನೇ ಇದೆ."

"ನಿಮ್ಮ ಫೋನಾ? ಯಾಕೆ?"

"ಅದೇನೋ ನಂಬರ್ ಬರತ್ತಂತೆ, ಬಂದ ಕೂಡ್ಲೇ ಹಾಕಬೇಕಂತೆ. ನನಗೆ ಓದೋಕೆ ಬರಲ್ಲ ಅಲ್ವಾ, ಇಲ್ಲೇ ಇರಲಿ ಅಂದ. ಮೊನ್ನೆಯಿಂದ ಅಲ್ಲೇ ಇದೆ."

ಮಧುರಾ ರಾಯಪುರಂನ ಒಂದು ಬ್ಯಾಂಕಿನ ಶಾಖೆಯಲ್ಲಿ ಕೌಂಟರಿನ ಹಿಂದೆ ಕುಳಿತು ಇಂಥ ಕಥೆಗಳನ್ನು ಸಾಕಷ್ಟು ಕೇಳಿದ್ದಳು. ಎಲ್ಲವೂ ಮುಗಿದ ಮೇಲೆ ಕೇಳಿದ್ದಳು. ಬಸ್ಸು ಬಂದು ನಿಂತು ಹೋಯಿತು. "ಬುಟ್ಟಿ ಯಾರಿಗಾದ್ರೂ ಒಪ್ಪಿಸಿ ಬನ್ನಿ," ಎಂದಳು.

ಸೆಂಟರಿನ ಯುವಕ ಒರಟನೇನಲ್ಲ. ಡ್ರಾಯರಿನಲ್ಲಿ ಅಂಥ ಎಷ್ಟೋ ಫೋನುಗಳು, ಒಂದೊಂದಕ್ಕೂ ರಬ್ಬರ್ ಬ್ಯಾಂಡಿನಲ್ಲಿ ಹೆಸರಿನ ಚೀಟಿ. "ಎಲ್ಲರೂ ಬಿಟ್ಟು ಹೋಗ್ತಾರೆ ಮೇಡಂ, ಅವರಿಗೇ ಸುಲಭ," ಎಂದು ಹೇಳಿ ಜಯಲಕ್ಷ್ಮೀಯ ಫೋನನ್ನು ತೆಗೆದುಕೊಟ್ಟ. ಹೊರಗೆ ಬಂದು ಮಧುರಾ ಅದನ್ನು ತೆರೆದು ನೋಡಿದಳು. ಜಯಲಕ್ಷ್ಮೀಗೆ ಗೊತ್ತೇ ಇಲ್ಲದ ಎರಡು ಆ್ಯಪುಗಳು ಒಳಗೆ ಕುಳಿತಿದ್ದವು. ಒಂದು ಅವಳ ಹೆಸರಿನಲ್ಲಿ ಸಾಲಕ್ಕೆ ಅರ್ಜಿ ಹಾಕಿ ಒಪ್ಪಿಗೆಗೆ ಕಾಯುತ್ತಿತ್ತು. ಅದು ಆ ಯುವಕನ ಕೈಕೆಲಸವೋ, ಡ್ರಾಯರು ತೆರೆದಿರುವಾಗ ಇನ್ನಾರದೋ, ತಿಳಿಯುವಂತಿರಲಿಲ್ಲ.

ಮಧುರಾ ಅವಳನ್ನು ತನ್ನ ಜೊತೆಗೇ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಅವಳ ಖಾತೆಗೆ ತಡೆ ಹಾಕಿಸಿದಳು. ಆ ಆ್ಯಪುಗಳನ್ನು ತೆಗೆಸಿ, ಪೊಲೀಸರಿಗೆ ದೂರು ಕೊಡಿಸಿದಳು. ಏನೂ ಹೋಗಿರಲಿಲ್ಲ. ಹೋಗಲು ದಾರಿ ಮಾತ್ರ ತಯಾರಾಗಿತ್ತು. ಜಯಲಕ್ಷ್ಮೀ ಬೆಂಚಿನ ಮೇಲೆ ಕುಳಿತು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಯ್ಯ ಎಂದೂ ನನ್ನ ಫೋನ್ ಮುಟ್ಟಿಲ್ಲಮ್ಮಾ," ಎಂದಳು. "ನಂಬರ್ ಬಂದ್ರೆ ಪರದೆ ನನ್ನ ಕಡೆಗೆ ತೋರಿಸು, ನಾನು ನೋಡಿ ಹಾಕ್ತೀನಿ, ಫೋನ್ ನಿನ್ನ ಕೈಲೇ ಇರಲಿ ಅಂತಿದ್ರು."

ಆ ಮಾತು ಮಧುರಾಳ ಜೊತೆ ದಿನವಿಡೀ ಇತ್ತು. ಸಂಜೆ ಅರವಿಂದ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದ. ಮಣಲಿಯ ಕಡೆಯಿಂದ ಗಾಳಿ ತಿರುಗಿ ವಾಸನೆ ಬರುವ ಮುಂಚೆ ಬಟ್ಟೆ ಒಳಗೆ ಸೇರಬೇಕು, ಆ ಕೆಲಸ ಅವನದು. ಮಧುರಾ ಮೇಲೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

"ಅದಕ್ಕೆ ನಾನೇನ್ ಮಾಡಲಿ? ಆ ಸೆಂಟರ್ ನಾನು ತೆರೆದಿದೀನಾ?"

"ಇಲ್ಲ. ಆದರೆ ನಮ್ಮನೆ ಬಾಗಿಲು ಹಾಕಿದ್ವಿ, ಆಕೆ ಅಲ್ಲಿಗೆ ಹೋದಳು. ಅಪಾಯ ಎಲ್ಲೂ ಹೋಗ್ಲಿಲ್ಲರೀ. ನಮ್ಮಿಂದ ಆಚೆ ಹೋಯ್ತು, ಅಷ್ಟೆ."

"ಊರಿನ ಅಪಾಯವೆಲ್ಲ ನಮ್ಮ ನಡುಮನೇಲಿ ಇಟ್ಕೊಳೋಕಾಗತ್ತಾ ಮಧುರಾ? ನನ್ನ ಕೆಲಸ ಹೋದ್ರೆ?"

ಅವಳು ಅವನ ಕೈಯಿಂದ ಸೀರೆಯ ಒಂದು ತುದಿ ಹಿಡಿದು ಮಡಿಸತೊಡಗಿದಳು. ಬೆಳಗಿನಿಂದ ಒಂದು ವಿಷಯ ಅವಳ ತಲೆಯಲ್ಲಿ ಸುತ್ತುತ್ತಿತ್ತು. "ನಮ್ಮನೆ ಕಂಪ್ಯೂಟರಿಗೆ ವೈರಸ್ ಬಂದ್ರೆ ನಿಮ್ಮ ಕೆಲಸ ಹೇಗೆ ಹೋಗತ್ತೆ?"

ಅರವಿಂದ ತನ್ನ ಕೈಯಲ್ಲಿದ್ದ ತುದಿಯನ್ನೂ ಅವಳಿಗೆ ಕೊಟ್ಟುಬಿಟ್ಟ.

"ಪ್ಲಾಂಟಿನದು ಏನಾದ್ರೂ ಇದೆಯಾ ಅದರಲ್ಲಿ?"

"ಮೇಲ್ ನೋಡ್ತೀನಿ. ಡ್ರಾಯಿಂಗ್ ಇದೆ ಕೆಲವು. ರಜಾ ದಿನ ಶಿಫ್ಟ್ ರಿಪೋರ್ಟ್ ಬರೀತೀನಿ."

"ಮನೆ ಕಂಪ್ಯೂಟರಲ್ಲಿ ನೋಡಬಹುದು ಅಂತ ರೂಲಿದೆಯಾ?"

"ಇಲ್ಲ." ಅವನು ಹಗ್ಗದ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡ. "ಎಲ್ಲರೂ ಮಾಡ್ತಾರೆ. ಅಜಿತ್‌ಗೆ ಹಾಗಾದ್ಮೇಲೆ ನನಗೆ ನಿದ್ದೆ ಬರಲಿಲ್ಲ. ಅಪ್ಪನ ಜನ ಬರೋದು ನಿಂತ್ರೆ ಎಲ್ಲಾ ಸರಿಹೋಗತ್ತೆ ಅಂದ್ಕೊಂಡೆ."

"ಗೇಟಲ್ಲಿ ಬೆಂಕಿಪೊಟ್ಟಣ ಕೊಡದೇ ಇದ್ದೋರು ನೀವು ಹಾಗಾದ್ರೆ," ಎಂದಳು ಮಧುರಾ. ಅವಳ ದನಿಯಲ್ಲಿ ಗೆಲುವಿರಲಿಲ್ಲ. ಅವನಿಗೆ ಅದು ಗೊತ್ತಾಗಿರಬೇಕು, ಸಿಟ್ಟು ಮಾಡಿಕೊಳ್ಳಲಿಲ್ಲ.

ಅಷ್ಟರಲ್ಲಿ ಯೂನಿಫಾರಂ ಹುಡುಕಿಕೊಂಡು ಶ್ರೀಯಾ ಮೇಲೆ ಬಂದಳು. ಅಪ್ಪ ಅಮ್ಮ ಮಾತಾಡುತ್ತಿದ್ದುದು ಯಾವುದರ ಬಗ್ಗೆ ಎಂದು ಅವಳಿಗೆ ಮೆಟ್ಟಿಲಲ್ಲೇ ಗೊತ್ತಾಗಿತ್ತು. "ರೆಂಡುಮೇ ಓಡಲೆ," ಎಂದಳು ತಮಿಳಿನಲ್ಲಿ.

"ಎರಡೂ ಓಡ್ತಾ ಇಲ್ಲ ಅಂದ್ರೆ? ಯಾವ ಎರಡು?" ಎಂದ ಅರವಿಂದ.

"ಹಳೇ ಆಂಟಿವೈರಸ್ ಅವಧಿ ಮುಗಿದು ಸುಮ್ಮನೆ ಕೂತಿದೆ. ಅದು ಇರೋವರೆಗೆ ವಿಂಡೋಸಿಂದು ಎದ್ದೇ ಇಲ್ಲ. ನೀವೂ ತಾತನೂ ಯಾವುದು ಬೇಕು ಅಂತ ಜಗಳ ಆಡ್ತಾ ಇದ್ದಿರಿ, ಅಷ್ಟೂ ದಿನ ಯಾವುದೂ ಇರಲಿಲ್ಲ. ನಾನು ಹೇಳೋಣ ಅಂದ್ರೆ ಮನೇಲಿ ಯಾರೂ ಯಾರ ಹತ್ತಿರಾನೂ ಮಾತಾಡ್ತಾ ಇರಲಿಲ್ಲ." ಎಲ್ಲವನ್ನೂ ತಮಿಳಿನಲ್ಲೇ ಹೇಳಿ, ಯೂನಿಫಾರಂ ತೆಗೆದುಕೊಂಡು ಕೆಳಗಿಳಿದಳು.

ಮನೆಯ ಕಂಪ್ಯೂಟರಿನಿಂದ ಪ್ಲಾಂಟಿನ ಕೆಲಸ ತೆಗೆಯಬೇಕಾದರೆ ಅರವಿಂದ ಕಾರ್ಖಾನೆಯಲ್ಲಿ ಒಂದು ಲ್ಯಾಪ್‌ಟಾಪ್ ಕೇಳಬೇಕಾಗಿತ್ತು. ಕೇಳಿದರೆ ಇಷ್ಟು ದಿನ ಯಾವುದರಲ್ಲಿ ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಆ ವಾರವೆಲ್ಲ ನಾಳೆ ಕೇಳುತ್ತೇನೆ ಎನ್ನುತ್ತಲೇ ಕಳೆದ. ಮಧುರಾ ಒತ್ತಾಯ ಮಾಡಲಿಲ್ಲ. ಬೆಳಿಗ್ಗೆ ಡಬ್ಬಿ ಕೊಡುವಾಗ ಅವನ ಮುಖ ನೋಡುತ್ತಿದ್ದಳು, ಸಂಜೆ ಡಬ್ಬಿ ಇಸಿದುಕೊಳ್ಳುವಾಗ ಇನ್ನೊಮ್ಮೆ ನೋಡುತ್ತಿದ್ದಳು. ಕೊನೆಗೆ ಒಂದು ಸಂಜೆ ಅವನು ಕಪ್ಪು ಬ್ಯಾಗೊಂದನ್ನು ಹೆಗಲಿಗೆ ಹಾಕಿಕೊಂಡು ಬಂದ. ಮ್ಯಾನೇಜರು ಚೆನ್ನಾಗಿ ಬೈದು, ಲಿಖಿತ ಎಚ್ಚರಿಕೆ ಕೊಟ್ಟು, ಮೇಲೆ ಈ ಲ್ಯಾಪ್‌ಟಾಪನ್ನೂ ಕೊಟ್ಟಿದ್ದರು. "ಫೈಲಲ್ಲಿ ಹಾಕಿದಾರೆ," ಎಂದ ಹೆಂಡತಿಗೆ. ಆದರೂ ಆ ರಾತ್ರಿ ಅನ್ನವನ್ನು ಕೇಳಿ ಬಡಿಸಿಕೊಂಡ. ಊರ್ಮಿಳಾ ತುಪ್ಪದ ಬಟ್ಟಲನ್ನು ಮಗನ ಕಡೆ ಸರಿಸಿದರು.

ಮುಂದಿನ ರಜೆಯ ದಿನ ಬೆಳಿಗ್ಗೆ ಸೀತಾರಾಮರು ಕೊಡೆ ತೆಗೆದುಕೊಳ್ಳುವಾಗ ಅರವಿಂದ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕಿದ್ದ. ಪಂಚೆಯನ್ನು ತೆಗೆದು ಮಡಿಸಿ ಇಟ್ಟಿದ್ದ.

"ಅಪ್ಪಾ, ಒಂದು ಹತ್ತು ನಿಮಿಷ ಕೂತ್ಕೊಳ್ತೀರಾ?"

"ಕೊಳದ ಹತ್ತಿರ ಕಾಯ್ತಿರ್ತಾರೆ."

"ನನ್ನ ಪ್ಲಾಂಟಿನ ಕೆಲಸ ಇದರಲ್ಲಿ ಇತ್ತು ಅಪ್ಪಾ. ಇರಬಾರದಿತ್ತು. ಅದನ್ನೆಲ್ಲ ತೆಗೆದಿದೀನಿ." ಅರವಿಂದ ಪರದೆಯನ್ನು ನೋಡುತ್ತಲೇ ಹೇಳಿದ. "ನಿಮ್ಮನ್ನ ಕೇಳದೇ ಬೀಗ ಹಾಕಿದ್ದು ಅದಕ್ಕೇ. ತಪ್ಪಾಯ್ತು."

ಅಡುಗೆಮನೆಯ ಬಾಗಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಮಧುರಾಳ ಕೈ ನಿಂತಿತು. ಸೀತಾರಾಮರು ಕೊಡೆಯನ್ನು ಗೋಡೆಗೆ ಒರಗಿಸಿ ಬಂದು ಕುಳಿತರು.

"ಸರಿ. ಈಗ ಕೊಳ್ಳೋದಾ, ಬೇಡವಾ?"

"ಬೇಡ ಅಂತೀನಿ. ಹಳೆಯದನ್ನ ಕಿತ್ತುಹಾಕಿ ವಿಂಡೋಸಿಂದನ್ನ ಎಬ್ಬಿಸಿದೀನಿ."

"ನೀನು ಏಜೆಂಟು, ನಾನು ಪಾಲಿಸಿ ತಗೊಳೋಕೆ ಬಂದಿರೋನು ಅಂತ ಇಟ್ಕೋ. ಇದರಲ್ಲಿ ಏನು ಸೇರತ್ತೆ, ಏನು ಸೇರಲ್ಲ, ಅದು ಹೇಳು ಮೊದಲು. ಸೇರಲ್ಲ ಅನ್ನೋದನ್ನ ಯಾವ ಏಜೆಂಟೂ ಬಾಯಿಬಿಟ್ಟು ಹೇಳಲ್ಲ. ನಾನು ಅದನ್ನೇ ಕೇಳೋದು."

ಅರವಿಂದ ಬೆರಳು ಮಡಿಸಿ ಎಣಿಸತೊಡಗಿದ. "ಹೊರಗಿನಿಂದ ಬರೋ ಫೈಲನ್ನ ನೋಡತ್ತೆ. ಗೊತ್ತಿರೋ ವೈರಸ್ ಇದ್ರೆ ಹಿಡಿಯತ್ತೆ. ತೀರಾ ಹೊಸದಾದ್ರೆ ತಪ್ಪಿಸ್ಕೊಳ್ಳಬಹುದು."

"ದುಡ್ಡು ಕೊಟ್ಟು ತಂದಿದ್ದು ತಪ್ಪಿಸ್ಕೊಳ್ಳೋಕೆ ಬಿಡಲ್ವಾ?"

"ಅದರಲ್ಲೂ ತಪ್ಪಿಸ್ಕೊಳ್ಳಬಹುದು."

"ಹಂ. ಆಮೇಲೆ?"

"ನಾವೇ ಯಾರಿಗಾದ್ರೂ ಓಟಿಪಿ ಹೇಳಿದ್ರೆ ಇದು ತಡೆಯಲ್ಲ. ಬರೋ ಅಪ್‌ಡೇಟು ಹಾಕದೇ ಬಿಟ್ರೆ ಇದು ದಂಡ. ಎಲ್ಲಾ ಹಾಳಾದ್ರೆ ವಾಪಸ್ ತಂದುಕೊಡಲ್ಲ, ಅದಕ್ಕೆ ಮುಖ್ಯವಾದ್ದು ಇನ್ನೊಂದು ಕಡೆ ಇಟ್ಕೋಬೇಕು."

"ಅಂದ್ರೆ ಅರ್ಧ ಕೆಲಸ ನಮ್ಮದೇ."

"ಅರ್ಧಕ್ಕಿಂತ ಜಾಸ್ತಿ ಅಪ್ಪಾ."

"ಇದನ್ನ ಅವತ್ತು ಊಟದ ಹೊತ್ತಲ್ಲಿ ಹೇಳಿದ್ರೆ ಒಪ್ತಿದ್ದೆನಲ್ಲೋ," ಎಂದರು ಸೀತಾರಾಮರು. ಆಮೇಲೆ ತಾವೇ ತಲೆಯಾಡಿಸಿದರು. "ಇಲ್ಲ, ಒಪ್ತಿರಲಿಲ್ಲ. ತೋರಿಸು, ಪೆನ್‌ಡ್ರೈವ್ ಹೇಗೆ ನೋಡೋದು."

ಊರ್ಮಿಳಾ ಒಳಗಿನಿಂದ ಇಣುಕಿ ನೋಡಿ ಕಾಫಿಗೆ ನೀರಿಟ್ಟರು. ತಂದೆ ಮಗ ಹತ್ತು ನಿಮಿಷಕ್ಕೆ ಏಳಲಿಲ್ಲ. ನಡುವೆ ಒಮ್ಮೆ ಧ್ವನಿ ಏರಿತು, ಮೌಸನ್ನು ಯಾರು ಹಿಡಿಯಬೇಕೆಂದು.

ಜಯಲಕ್ಷ್ಮೀ ಮತ್ತೆ ಬಂದ ದಿನ ಮಧುರಾ ಬ್ಯಾಂಕಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಸೀತಾರಾಮರು ಪೆನ್‌ಡ್ರೈವನ್ನು ಚುಚ್ಚಿ, ಅದನ್ನು ತೆರೆಯದೆ ಮೊದಲು ಪರೀಕ್ಷೆಗೆ ಹಚ್ಚಿದರು. ಪರದೆಯ ಮೇಲೆ ಹಸಿರು ಗೆರೆ ನಿಧಾನವಾಗಿ ಬೆಳೆಯಿತು. ಆಮೇಲೆ ಕೆಂಪಗೆ ಒಂದು ಸಾಲು ಬಂತು. ಏನೋ ಸಿಕ್ಕಿತ್ತು.

ಜಯಲಕ್ಷ್ಮೀಗೆ ಓದಲು ಬಾರದಿದ್ದರೂ ಬಣ್ಣ ಅರ್ಥವಾಯಿತು. ಅವಳು ಕುರ್ಚಿಯಿಂದ ಎದ್ದಳು. "ನಾನು ಹೊರಗೆ ನಿಂತ್ಕೋತೀನಿ ಅಯ್ಯಾ."

"ಕೂತ್ಕೋಮ್ಮಾ. ಇದು ನೀನು ತಂದಿದ್ದಲ್ಲ, ಆ ಸೆಂಟರಿನ ಮೆಷಿನಲ್ಲಿ ಹತ್ತಿದ್ದು. ಹಿಡಿದು ಕಟ್ಟಿಹಾಕಿದೆ ನೋಡು. ನಿನ್ನ ಗಂಡನ ಕಾಗದಕ್ಕೆ ಏನೂ ಆಗಿಲ್ಲ."

ಅವಳು ಕುರ್ಚಿಯ ಅಂಚಿನಲ್ಲಿ ಕುಳಿತಳು. ಮರಣಪತ್ರ ಸೇರಿಕೊಂಡಿತು. ಒಂದೊಂದೇ ಖಾನೆ ತುಂಬುತ್ತ ಬಂದು, ಮೊಬೈಲ್ ಸಂಖ್ಯೆಯ ಖಾನೆ ಬಂದಾಗ ಸೀತಾರಾಮರ ಬೆರಳು ನಿಂತಿತು. ಅವರು ಕೀಬೋರ್ಡನ್ನು ಎತ್ತಿ, ವೈರಿನ ಸಿಕ್ಕು ಬಿಡಿಸಿಕೊಂಡು, ಅವಳ ಮುಂದೆ ಇಟ್ಟರು.

"ಇದು ನೀನೇ ಹಾಕು."

"ನನಗೆ ಬರಲ್ಲ ಅಯ್ಯಾ."

"ಅಕ್ಷರ ಬೇಡ. ಅಂಕಿ ಬರತ್ತಲ್ಲ ನಿನಗೆ? ದಿನಾ ವ್ಯಾಪಾರ ಮಾಡ್ತೀಯಲ್ಲ?"

ಅವಳು ಸೆರಗಿನಲ್ಲಿ ಕೈಯನ್ನು ಒರೆಸಿಕೊಂಡಳು. ಎರಡು ಸಲ ಒರೆಸಿಕೊಂಡಳು. ಆಮೇಲೆ ಒಂದೇ ಬೆರಳನ್ನು ಚಾಚಿ ಕೀಗಳ ಮೇಲೆ ಹುಡುಕಾಡಿ, ಸಿಕ್ಕಿದ್ದನ್ನು ಮೆಲ್ಲಗೆ ಒತ್ತಿದಳು. ಪರದೆಯ ಮೇಲೆ ಅದು ಮೂಡಿತು. ತಲೆ ಎತ್ತಿ ನೋಡಿ, ಇನ್ನೊಂದನ್ನು ಹುಡುಕಿದಳು. ಬೀದಿಯ ಕೊನೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮಧುರಾ ಒಂದು ಚಪ್ಪಲಿಯಲ್ಲಿ ಮಾತ್ರ ಕಾಲಿಟ್ಟು ಹಾಗೇ ನಿಂತಿದ್ದಳು.

"ಒಂಬತ್ತು ಎಲ್ಲಿದೆ ಅಯ್ಯಾ?"

"ನೀನೇ ನೋಡು," ಎಂದರು ಸೀತಾರಾಮರು, ಕೈಕಟ್ಟಿ ಹಿಂದಕ್ಕೆ ಒರಗಿ. "ಅವಸರ ಇಲ್ಲ."